ಎಂಟು ಸೆಕೆಂಡು ಪಂಜಿನ ಸದ್ದು

ಆ ಮೂರು ರಾತ್ರಿಗಳಿಗೆ ನಾನು ಹೊತ್ತುಕೊಂಡು ಹೋದ ಸಾಮಾನು ಇನ್ನೂ ಬಾಯಿಪಾಠವಾಗಿದೆ. ಹೆಗಲಿಗೆ ಹಾಕಿಕೊಳ್ಳುವ ಟೇಪ್ ರೆಕಾರ್ಡರ್ ಒಂದು, ಅದಕ್ಕೆ ಬೇಕಾದ ದಪ್ಪ ಸೆಲ್ಲುಗಳು, ಹದಿನೈದು ನಿಮಿಷ ಓಡುವ ಟೇಪಿನ ಸುರುಳಿ ಆರು, ಮೈಕು, ಹೆಡ್‌ಫೋನು, ಗಾಳಿಯ ಸದ್ದು ತಡೆಯಲೆಂದು ಮೈಕಿಗೆ ತೊಡಿಸಲು ನನ್ನದೇ ಒಂದು ಉಣ್ಣೆಯ ಕಾಲುಚೀಲ, ಟೇಪು ಕತ್ತರಿಸುವ ಬ್ಲೇಡು ಮತ್ತು ಅಂಟುಪಟ್ಟಿ ಇದ್ದ ತಗಡಿನ ಡಬ್ಬಿ, ಮತ್ತೆ ಒಂದು ಬ್ಯಾಟರಿ. ನಮ್ಮ ಕಡೆ ಟಾರ್ಚಿಗೆ ಬ್ಯಾಟರಿ ಎಂದೇ ಹೆಸರು. ಈ ಕೊನೆಯ ವಸ್ತುವನ್ನು ನಾನು ಮೂರನೆಯ ರಾತ್ರಿ ಬಳಸಬೇಕಿತ್ತು, ಬಳಸಲಿಲ್ಲ. ಹೇಳಬೇಕಾದದ್ದೆಲ್ಲ ಹೆಚ್ಚುಕಡಿಮೆ ಅಷ್ಟೇ. ಆದರೂ ಕ್ರಮವಾಗಿ ಹೇಳುತ್ತೇನೆ, ಯಾಕೆಂದರೆ ಕ್ರಮ ತಪ್ಪಿದರೆ ನನಗೆ ಅನುಕೂಲವಾಗುವ ಹಾಗೆ ಹೇಳಿಕೊಂಡುಬಿಡುತ್ತೇನೆ. ಆ ಚಾಳಿ ನನಗಿದೆ.

ಎಪ್ಪತ್ತರ ದಶಕದ ಕೊನೆಯ ಮಾತು. ನಾನಾಗ ಒಂದು ರೇಡಿಯೋ ಕೇಂದ್ರದಲ್ಲಿ ಧ್ವನಿಮುದ್ರಣದ ಕೆಲಸಕ್ಕೆ ಹೊಸದಾಗಿ ಸೇರಿದ್ದೆ. ನೌಕರಿ ಕಾಯಂ ಆಗಲು ಇನ್ನೂ ನಾಲ್ಕು ತಿಂಗಳಿತ್ತು. ರೈಲು ನಿಲ್ದಾಣವೊಂದರ ರಾತ್ರಿಯನ್ನು ಬರೀ ಸದ್ದುಗಳಲ್ಲಿ ಹೇಳುವ ಅರ್ಧ ಗಂಟೆಯ ಕಾರ್ಯಕ್ರಮ ಮಾಡೋಣ ಎಂದು ಸೂಚಿಸಿದವನು ನಾನೇ. ನಮ್ಮ ಹಿರಿಯ ನಿರ್ಮಾಪಕರು ಒಪ್ಪಿ, ಒಂದು ಮಾತು ಸೇರಿಸಿದರು.

"ಸೀಟಿ, ಉಗಿ, ಗಾಲಿ ಇವನ್ನ ಎಲ್ಲಾರೂ ಕೇಳ್ಯಾರ. ಯಾರೂ ಕೇಳಲಾರದ್ದು ಒಂದರ ತಗೊಂಡ ಬಾ."

ಆ ಮಾತು ನನ್ನ ತಲೆಯೊಳಗೆ ಹೊಕ್ಕು ಕುಳಿತಿತು. ನನ್ನ ಕಿವಿಯ ಬಗ್ಗೆ ನನಗೆ ಆಗ ವಿಪರೀತ ಜಂಬ. ಮಂದಿಗೆ ಕೇಳಿಸದ್ದು ನನಗೆ ಕೇಳಿಸುತ್ತದೆ ಎಂದು ನಂಬಿಕೊಂಡಿದ್ದೆ.

ನಿಲ್ದಾಣ ಆರಿಸಿದ್ದೂ ನಾನೇ. ಬಾದಾಮಿ ದಾಟಿ ಬಾಗಲಕೋಟೆಯ ಕಡೆ ಹೋಗುವಾಗ ಸಿಗುವ ಒಂದು ಚಿಕ್ಕ ನಿಲ್ದಾಣ, ಹೆಸರು ಬೇಡ. ಮೀಟರ್ ಗೇಜಿನ ಒಂಟಿ ಹಳಿ, ಗಾಡಿಗಳು ಒಂದನ್ನೊಂದು ದಾಟಿ ಹೋಗಲು ಪಕ್ಕದಲ್ಲಿ ಇನ್ನೊಂದು ಹಳಿ, ಒಂದು ಕಲ್ಲಿನ ಕೋಣೆ, ಒಂದು ಬೇವಿನ ಮರ. ಕರೆಂಟು ಇನ್ನೂ ಬಂದಿರಲಿಲ್ಲ. ಕರೆಂಟಿದ್ದಲ್ಲಿ ಟೇಪಿನ ಮೇಲೆ ಒಂದು ಗುಂಯ್‌ಗುಟ್ಟುವಿಕೆ ಕೂತುಬಿಡುತ್ತದೆ, ಆದ್ದರಿಂದಲೇ ಈ ಜಾಗ ನನಗೆ ಬೇಕಾಗಿತ್ತು. ರೈಲ್ವೆಯಿಂದ ಪರವಾನಗಿ ಪತ್ರ ಬಂತು. ಅದರ ಕೊನೆಯಲ್ಲಿ ಒಂದು ಷರತ್ತಿತ್ತು: ಗಾಡಿ ನಡೆಸುವ ಕೆಲಸಕ್ಕೆ ಯಾವ ರೀತಿಯಲ್ಲೂ ಅಡ್ಡಿ ಬರಕೂಡದು. ಓದಿಯೇ ಸಹಿ ಮಾಡಿದೆ.

ಮೊದಲ ರಾತ್ರಿ ಎಲ್ಲ ಕೆಟ್ಟಿತು. ಒಂಬತ್ತೂವರೆಯ ಪ್ಯಾಸೆಂಜರಿಗೆ ಪೇರಲ ಹಣ್ಣಿನ ಬುಟ್ಟಿ ಹೊತ್ತು ಬಂದ ಹೆಂಗಸರು ಮೈಕಿನ ಸುತ್ತ ನೆರೆದು, "ನಮ್ಮ ಹೆಸರ ಬರ್ತೈತೇನ್ರಿ ರೇಡಿಯೋದಾಗ?" ಎಂದು ಒಬ್ಬರಾದ ಮೇಲೊಬ್ಬರು ಕೇಳಿದರು. ಗಾಡಿ ಬಂದದ್ದು, ಹೋದದ್ದು ಎಲ್ಲದರ ಮೇಲೂ ಅವರ ನಗೆಯೇ ತುಂಬಿಕೊಂಡಿತು. ಹನ್ನೆರಡರ ಸುಮಾರಿಗೆ ಒಂದು ಗೂಡ್ಸ್ ಬಂತು, ಕಾಲುಚೀಲ ಬಿಗಿಯಾಗಿ ಕೂತಿರದೆ ಗಾಳಿ ಹೊಕ್ಕಿತು. ಎರಡು ಸುರುಳಿ ಅಲ್ಲಿಗೆ ಹಾಳು. ಬೆಳಗಿನ ಜಾವ ಸಿಕ್ಕದ್ದು ಒಂದೇ: ಸಿಗ್ನಲ್ಲಿನ ಕೈ ಇಳಿಸಲು ಸನ್ನೆಗೋಲು ಎಳೆದಾಗ ಹಳಿಯ ಪಕ್ಕದಲ್ಲಿ ಉದ್ದಕ್ಕೂ ಹೋಗುವ ತಂತಿ ರಾಟಿಗಳ ಮೇಲೆ ನರಳುವ ಸದ್ದು.

ಆದರೂ ಆ ರಾತ್ರಿ ನನಗೆ ಬೇಸರವಾಗಲಿಲ್ಲ ಎನ್ನುವುದನ್ನು ಹೇಳಬೇಕು. ಗಾಡಿ ಬರುವ ಮುಂಚಿನ ಹತ್ತು ನಿಮಿಷ ನನಗೆ ಬಹಳ ಹಿಡಿಸಿತು. ದೂರದಲ್ಲಿ ಎಂಜಿನ್ನಿನ ದೀಪ ಮೊದಲು ಒಂದು ಚುಕ್ಕಿ, ಅದು ಅಲುಗಾಡುವುದೇ ಇಲ್ಲ ಅನಿಸುತ್ತದೆ, ಆಮೇಲೆ ಒಮ್ಮೆಲೇ ಮೈಮೇಲೆ ಬಂದುಬಿಡುತ್ತದೆ. ಬೆಂಕಿಯ ಬಾಗಿಲು ತೆರೆದರೆ ಹೊಗೆಯ ಹೊಟ್ಟೆ ಕೆಂಪಾಗುತ್ತದೆ. ಇದನ್ನೆಲ್ಲ ಕಣ್ಣಿನಿಂದ ನೋಡಿ ಖುಷಿಪಟ್ಟೆ, ಕಿವಿಗೆ ಮಾತ್ರ ಇನ್ನೂ ಏನೂ ಸಿಕ್ಕಿರಲಿಲ್ಲ.

ರಾತ್ರಿ ಪಾಳಿಯಲ್ಲಿ ಇಬ್ಬರೇ. ಒಬ್ಬರು ಸ್ಟೇಷನ್ ಮಾಸ್ತರರು, ಹೊಸಬರು, ಕಲ್ಲಿನ ಕೋಣೆ ಬಿಟ್ಟು ಹೆಚ್ಚು ಹೊರಬರುತ್ತಿರಲಿಲ್ಲ. ಇನ್ನೊಬ್ಬ ಹಳಿ ಬದಲಿಸಿ ಗಾಡಿ ದಾಟಿಸುವ ಪಾಯಿಂಟ್ಸ್‌ಮನ್. ಐವತ್ತರ ಹತ್ತಿರದ ಗಟ್ಟಿ ಆಳು, ಹಣೆಗೆ ವಿಭೂತಿ, ಊರು ಶಿರೂರು. ನಾನು ಹುನಗುಂದದವನು ಎಂದ ಕೂಡಲೇ, "ಹಂಗಾರ ನಮ್ಮ ಊರ ಮ್ಯಾಲೇ ಹಾದು ಹೋಗಾವ್ರಲ್ರಿ ನೀವು!" ಎಂದು ಕೋಣೆಯಿಂದ ತನ್ನ ಕಂಬಳಿ ತಂದು ಹಾಸಿದ. ನಾನು ಅವನನ್ನು ಕಾಕಾ ಎಂದೆ. ಅವನು ನನ್ನನ್ನು ರೇಡಿಯೋ ಸಾಹೇಬ್ರು ಮಾಡಿದ.

ಹನ್ನೊಂದು ವರ್ಷದಿಂದ ಅವನು ಆ ನಿಲ್ದಾಣದಲ್ಲಿ ಒಬ್ಬನೇ ಬೇಯಿಸಿಕೊಂಡು ಉಣ್ಣುತ್ತಿದ್ದ. ಹೆಂಡತಿ ಊರಲ್ಲಿ, ನಾಲ್ಕೆಕರೆ ಹೊಲ ಮತ್ತು ಹಾಸಿಗೆ ಹಿಡಿದ ಅವನ ತಾಯಿಯನ್ನು ನೋಡಿಕೊಂಡು. ಈಗ ಬಾಗಲಕೋಟೆ ನಿಲ್ದಾಣಕ್ಕೆ ಅವನ ವರ್ಗ ಆಗುವುದಿತ್ತು. ಹುಕುಂ ಇನ್ನೇನು ತಿಂಗಳೊಳಗೆ ಬರುತ್ತದೆ. ಬಾಗಲಕೋಟೆಯಿಂದ ಶಿರೂರಿಗೆ ಬಸ್ಸು ಹತ್ತಿದರೆ ಮುಗಿಯಿತು.

"ಇನ್ನ ಮ್ಯಾಲ ಆಕಿ ಮಾಡಿದ ರೊಟ್ಟಿ ಬಿಸೀದ ತಿಂತೇನ್ರಿ. ಹನ್ನೊಂದ ವರ್ಸ ಆತು, ವಾರಕ್ಕೊಮ್ಮಿ ಗಂಟ ಕಟ್ಟಿಸ್ಕೊಂಡ ಬಂದ ಒಣಾ ರೊಟ್ಟಿ ತಿನ್ನಾಕ ಹತ್ತಿ," ಎಂದು ನಕ್ಕ.

ಯಾರೂ ಕೇಳದ ಸದ್ದು ನಿಮ್ಮ ನಿಲ್ದಾಣದಲ್ಲಿ ಯಾವುದು ಎಂದು ನಾನು ಕೇಳಿದೆ. ಅವನು ಯೋಚಿಸಲೇ ಇಲ್ಲ.

"ಬಳಿ ತೋಳಿಗೆ ಬೀಳೂದು. ಫಟ್ ಅಂತೈತಿ. ಅದ ನಂಗ ಮತ್ತ ಫೈರ್‌ಮನ್‌ಗ ಇಬ್ರಿಗೇ ಕೇಳತೈತ್ರಿ, ಮೂರನೇದವ್ರಿಗೆ ಕೇಳಂಗಿಲ್ಲ."

ಈ ಬಳೆಯ ಸಂಗತಿ ಗೊತ್ತಿಲ್ಲದವರಿಗೆ ಹೇಳಬೇಕು. ಒಂಟಿ ಹಳಿಯ ಮೇಲೆ ಎರಡು ಗಾಡಿ ಎದುರುಬದುರು ಬರಬಾರದು. ಅದಕ್ಕೆ ಎರಡು ನಿಲ್ದಾಣಗಳ ನಡುವಿನ ಹಾದಿಗೆ ಒಂದು ಉಕ್ಕಿನ ಗುಂಡು, ಸಣ್ಣ ಮೋಸಂಬಿಯಷ್ಟು. ಗುಂಡು ಯಾರ ಕೈಯಲ್ಲಿದೆಯೋ ಆ ಗಾಡಿಗೆ ಮಾತ್ರ ಹಾದಿ. ಅದು ಮುಂದಿನ ನಿಲ್ದಾಣದ ಯಂತ್ರದೊಳಗೆ ಬೀಳುವ ತನಕ ಇನ್ನೊಂದು ಗುಂಡು ಹೊರಬರುವುದಿಲ್ಲ, ಇನ್ನೊಂದು ಗಾಡಿ ಹೊರಡುವುದಿಲ್ಲ. ನಿಲ್ಲದೆ ಹೋಗುವ ಗಾಡಿಗಾದರೆ ಗುಂಡನ್ನು ಚರ್ಮದ ಚೀಲದಲ್ಲಿಟ್ಟು, ಚೀಲವನ್ನು ದೊಡ್ಡ ಬೆತ್ತದ ಬಳೆಗೆ ಕಟ್ಟಿ, ಪಾಯಿಂಟ್ಸ್‌ಮನ್ ಪ್ಲಾಟ್‌ಫಾರ್ಮಿನ ತುದಿಯಲ್ಲಿ ಎತ್ತಿ ಹಿಡಿಯುತ್ತಾನೆ. ಎಂಜಿನ್ನಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಹೊರಗೆ ಬಾಗಿ, ಓಡುವ ಗಾಡಿಯಿಂದಲೇ ಬಳೆಯನ್ನು ತೋಳಿಗೆ ಏರಿಸಿಕೊಳ್ಳುತ್ತಾನೆ. ರಾತ್ರಿ ಬಳೆ ಕಾಣಬೇಕಲ್ಲ, ಅದಕ್ಕೆ ಪಾಯಿಂಟ್ಸ್‌ಮನ್ನಿನ ಇನ್ನೊಂದು ಕೈಯಲ್ಲಿ ಸೀಮೆಎಣ್ಣೆಯ ಪಂಜು ಉರಿಯುತ್ತಿರುತ್ತದೆ. ಅಲ್ಲಿಯವರ ಬಾಯಲ್ಲಿ ಅದು ಹಿಲಾಲು.

"ಹತ್ತೊಂಬತ್ತ ವರ್ಸದಾಗ ಒಂದ ಬಳಿ ತಪ್ಪಿಲ್ರಿ ನನ್ನ ಕೈಯಾಗಿಂದ," ಎಂದ ಕಾಕಾ. "ಬೇಕಾರ ಡ್ರೈವರಗೋಳ್ನ ಕೇಳ್ರಿ."

ಎರಡನೆಯ ರಾತ್ರಿ ಬಳೆಯ ಸದ್ದಿಗೇ ಕಾದು ಕೂತೆ. ಒಂದು ಬಿದಿರುಗಳದ ತುದಿಗೆ ಮೈಕು ಕಟ್ಟಿ, ಕಾಕಾನ ಹಿಂದೆ ನಾಲ್ಕು ಹೆಜ್ಜೆ ದೂರ ಕುಕ್ಕರಗಾಲಲ್ಲಿ ಕೂತು, ಗಳವನ್ನು ಬಳೆಯ ಹತ್ತಿರ ಚಾಚಿದೆ. ಗೂಡ್ಸ್ ಬಂತು, ಫೈರ್‌ಮನ್ ಬಳೆ ಎತ್ತಿಕೊಂಡ. ಟೇಪು ಹಿಂದೆ ಸುತ್ತಿ ಕೇಳಿದರೆ ಫಟ್ ಎನ್ನುವುದು ಇದೆ, ಆದರೆ ಅದರ ಹಿಂದೆ ಮುಂದೆ ಎಲ್ಲ ಮೆಣಸಿನಕಾಯಿ ಭಜಿ ಕರಿಯುತ್ತಿರುವ ಸದ್ದು. ಮೈಕಿನ ತಂತಿ ನೋಡಿದೆ, ಕಾಲುಚೀಲ ಬಿಚ್ಚಿ ತೊಡಿಸಿದೆ, ಸೆಲ್ಲು ಬದಲಿಸಿದೆ. ಎರಡು ಸುರುಳಿ ಕಳೆದ ಮೇಲೆ ಕಳ್ಳ ಸಿಕ್ಕಿತು. ಅದು ಪಂಜು. ಎಣ್ಣೆ ಕುಡಿದ ಬಟ್ಟೆ ಗಾಳಿಯಲ್ಲಿ ಪರಪರ ಉರಿಯುವ ಸದ್ದು. ಬರಿಯ ಕಿವಿಗೆ ಎರಡು ಹೆಜ್ಜೆಯಾಚೆ ಕೇಳದು, ಮೈಕಿಗೆ ಮಾತ್ರ ಅದೇ ದೊಡ್ಡದು.

ಮೂರನೆಯ ರಾತ್ರಿಗೆ ನನ್ನ ಹತ್ತಿರ ಉಳಿದದ್ದು ಒಂದೇ ಖಾಲಿ ಸುರುಳಿ. ಮಾರನೆಯ ದಿನ ರೆಕಾರ್ಡರ್ ರೇಡಿಯೋ ಕೇಂದ್ರಕ್ಕೆ ಮರಳಬೇಕು, ಕೃಷಿ ಕಾರ್ಯಕ್ರಮದವರು ಕಾಯುತ್ತಿದ್ದರು. ಎರಡೂ ಕಾಲರ ಗೂಡ್ಸ್ ನಿಲ್ಲದೆ ಹೋಗುವ ಕೊನೆಯ ಗಾಡಿ. ಹನ್ನೊಂದರಿಂದಲೇ ಕಾಕಾನ ಬೆನ್ನು ಹತ್ತಿದೆ. ಇದೊಂದು ಗಾಡಿಗೆ ಹಿಲಾಲು ಬೇಡ ಎಂದೆ.

"ಆಗಂಗಿಲ್ರಿ ಸಾಹೇಬ್ರ. ಹಿಲಾಲ ಇಲ್ಲಾಂದ್ರ ಬಳಿ ಕಾಣಂಗಿಲ್ಲ."

"ಎಂಜಿನ್ನಿನ ದೀಪ ಇರತೈತಲ್ಲ ಕಾಕಾ?"

"ಅದ ಮುಂದಿಂದ ನೋಡತೈತ್ರಿ. ಫೈರ್‌ಮನ್ ನಿಂತಿರಾದು ಅದರ ಹಿಂದ. ದೀಪ ದಾಟಿದ ಮ್ಯಾಲ ಅವಗ ಕತ್ತಲಿ ಇನ್ನಷ್ಟ ದಟ್ಟ ಆಗತೈತಿ."

ನನ್ನ ಬ್ಯಾಟರಿಯನ್ನು ತೋರಿಸಿದೆ. ಮೂರು ಸೆಲ್ಲಿನದು, ಹೊಸದು. ಇದರ ಬೆಳಕನ್ನು ನೇರ ಬಳೆಯ ಮೇಲೆಯೇ ಬಿಡುತ್ತೇನೆ, ನಿಮ್ಮ ಹಿಲಾಲಿಗಿಂತ ಚಲೋ ಕಾಣುತ್ತದೆ ಎಂದೆ. ಅವನು ಒಮ್ಮೆ ತಾನೇ ಹಚ್ಚಿ, ಆರಿಸಿ ನೋಡಿದ. ಒಪ್ಪಲಿಲ್ಲ, ಬೇಡ ಎಂದೂ ಗಟ್ಟಿಯಾಗಿ ಹೇಳಲಿಲ್ಲ. ನಾನು ಅತಿಥಿ, ಹುನಗುಂದದವನು, ಮೂರು ದಿನ ಅವನ ಕೈಯ ಚಹಾ ಕುಡಿದವನು. ಅವನಿಗೆ ನನ್ನ ಮೇಲೆ ಒಂದು ಅಕ್ಕರೆ ಬಂದಿತ್ತು. ಅದು ನನಗೆ ಗೊತ್ತಿತ್ತು, ಗೊತ್ತಿದ್ದೇ ಅದರ ಮೇಲೆ ಭಾರ ಹಾಕಿದೆ.

ಎರಡೂ ಕಾಲಿಗೆ ಕೋಣೆಯಲ್ಲಿ ಗಂಟೆ ಬಾರಿಸಿತು. ಮಾಸ್ತರರು ಗುಂಡು ತೆಗೆದು ಚೀಲಕ್ಕೆ ಹಾಕಿ ಕೊಟ್ಟು, ಗಾರ್ಡಿಗೆ ತೋರಿಸುವ ಹಸಿರು ದೀಪ ಹಿಡಿದು ಬಾಗಿಲ ಬಳಿ ನಿಂತರು. ಕಾಕಾ ಒಂದು ಕೈಯಲ್ಲಿ ಬಳೆ, ಒಂದು ಕೈಯಲ್ಲಿ ಹಿಲಾಲು ಹಿಡಿದು ತುದಿಗೆ ಹೋದ. ದೂರದಲ್ಲಿ ಚುಕ್ಕಿ ಕಂಡಿತು. ನಾನು ಯಂತ್ರ ಚಾಲೂ ಮಾಡಿದೆ. ಹೆಡ್‌ಫೋನಿನಲ್ಲಿ ಮತ್ತೆ ಅದೇ ಭಜಿಯ ಸದ್ದು. ಸಿಟ್ಟು ಬಂತು, ಖರೆ ಹೇಳುತ್ತೇನೆ, ಆ ಉರಿಯ ಮೇಲೆ ನನಗೆ ಸಿಟ್ಟು ಬಂತು.

"ಕಾಕಾ, ಹಿಲಾಲ ಆರಸ್ರಿ. ಭಾಳ ಸದ್ದ ಮಾಡತೈತಿ."

"ಬ್ಯಾಟರಿ ಹಿಡೀತೀರಿ ಹೌದಲ್ರಿ?"

"ಹಿಡೀತೇನಿ ಕಾಕಾ, ಹಿಡೀತೇನಿ."

ಅವನು ಹಿಲಾಲನ್ನು ಪಕ್ಕದ ನೀರಿನ ಬಕೆಟ್ಟಿಗೆ ಅದ್ದಿದ. ಚುಂಯ್ ಎಂದಿತು. ಹೆಡ್‌ಫೋನಿನೊಳಗೆ ಎಂಥ ಮೌನ ಬಂತೆಂದರೆ, ದೂರದ ಎಂಜಿನ್ನಿನ ಒಂದೊಂದು ಉಸಿರೂ ಬಿಡಿಬಿಡಿಯಾಗಿ ಕೇಳಿತು. ನನಗೆ ಮೈ ಜುಮ್ಮೆಂದಿತು.

ಆಮೇಲೆ ಗಾಡಿ ಹತ್ತಿರ ಬಂತು. ಸದ್ದು ಏರಿತು, ಯಂತ್ರದ ಮುಳ್ಳು ಕೆಂಪು ಗೆರೆಗೆ ಬಡಿಯತೊಡಗಿತು. ಹಾಗೆ ಬಿಟ್ಟರೆ ಟೇಪಿನ ಮೇಲೆ ಸದ್ದು ಒಡೆದುಹೋಗುತ್ತದೆ. ಬಲಗೈಯಲ್ಲಿ ಗಳ, ಎಡಗೈಯಲ್ಲಿ ಬ್ಯಾಟರಿ ಎಂದು ಮೊದಲೇ ಲೆಕ್ಕ ಹಾಕಿದ್ದೆ. ಸದ್ದು ತಗ್ಗಿಸುವ ಗುಂಡಿ ತಿರುಗಿಸಲು ಮೂರನೆಯ ಕೈ ಬೇಕೆಂಬುದನ್ನು ಯೋಚಿಸಿರಲಿಲ್ಲ. ಬ್ಯಾಟರಿಯನ್ನು ನೆಲಕ್ಕಿಟ್ಟು ಗುಂಡಿ ತಿರುಗಿಸಿದೆ. ಬ್ಯಾಟರಿ ಉರುಳಿ ಹೋಗಿ ಗೋಡೆಗೆ ಬೆಳಕು ಬಿಟ್ಟುಕೊಂಡು ಬಿತ್ತು. ಅದನ್ನು ನೋಡಿದೆ. ಮುಳ್ಳನ್ನೂ ನೋಡಿದೆ. ಮುಳ್ಳನ್ನು ಆರಿಸಿಕೊಂಡೆ.

ಫಟ್ ಎನ್ನುವ ಸದ್ದು ಬರಲಿಲ್ಲ. ಫೈರ್‌ಮನ್ನಿನ ತೋಳು ಕತ್ತಲಲ್ಲಿ ಬಳೆಯ ಬದಲು ಕಾಕಾನ ಕೈಗೆ ಬಡಿಯಿತು. ಬಳೆ ಬಿತ್ತು, ವ್ಯಾಗನ್ನುಗಳ ಕೆಳಗೆ ಹೋಯಿತು. ಕಾಕಾ ಒದರಿದ: "ನಿಲ್ಸ್ರೀ! ಬಳಿ ಬಿತ್ತ್ರೀ! ನಿಲ್ಸ್ರೀ!" ಡ್ರೈವರ್ ಬ್ರೇಕು ಹಾಕಿದ. ಅಷ್ಟೂ ವ್ಯಾಗನ್ನುಗಳ ಗಾಲಿಗಳು ಹಳಿಗೆ ಉಜ್ಜಿ ಚೀರಿದವು, ಒಂದಕ್ಕೊಂದು ಡಿಕ್ಕಿ ಹೊಡೆದುಕೊಳ್ಳುತ್ತ ಆ ಸದ್ದು ಎಂಜಿನ್ನಿನಿಂದ ಗಾರ್ಡಿನ ಡಬ್ಬಿಯ ತನಕ ಓಡಿತು. ನಾನು ಗಳ ಕೆಳಗಿಳಿಸಲಿಲ್ಲ. ಆ ಕ್ಷಣ ನನಗೆ ಆದದ್ದು ಗಾಬರಿಯಲ್ಲ, ಸಂತೋಷ. ಎಂಥ ಸದ್ದು ಸಿಕ್ಕಿತು ಎಂಬ ಸಂತೋಷ. ಇಷ್ಟು ವರ್ಷಗಳಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ನಾಚಿಕೆ ತಂದದ್ದು ಆ ಸಂತೋಷವೇ.

ಗಾಡಿ ಏರಿನ ಮೇಲೆ ನಿಂತುಬಿಟ್ಟಿತ್ತು. ಚೀಲ ಹರಿದು ಗುಂಡು ಎಲ್ಲೋ ಹಾರಿತ್ತು. ಗುಂಡಿಲ್ಲದೆ ಈ ಗಾಡಿ ಮುಂದೆ ಹೋಗುವಂತಿಲ್ಲ, ಆಚೆ ನಿಲ್ದಾಣದಲ್ಲಿ ನಿಂತ ಗಾಡಿ ಈಚೆ ಬರುವಂತಿಲ್ಲ. ಮಾಸ್ತರರು, ಗಾರ್ಡು, ಫೈರ್‌ಮನ್, ಕಾಕಾ ಎಲ್ಲ ಕಂದೀಲು ಹಿಡಿದು ಜಲ್ಲಿಕಲ್ಲಿನ ನಡುವೆ ಮಂಡಿಯೂರಿ ಹುಡುಕಿದರು. ಕಾಕಾನ ಕಿರುಬೆರಳು ಒಂದು ಕಡೆಗೆ ತಿರುಚಿಕೊಂಡು ಬಾತಿತ್ತು, ಅವನು ಆ ಕೈಯನ್ನೇ ಊರಿ ಹುಡುಕುತ್ತಿದ್ದ. ನಾನೂ ಬ್ಯಾಟರಿ ಹಿಡಿದು ಹುಡುಕಿದೆ. ಆಗ ಹಿಡಿದೆ. ಸುಮಾರು ಮುಕ್ಕಾಲು ತಾಸಿನ ಮೇಲೆ ಗುಂಡು ಮೋರಿಯ ಹತ್ತಿರ ಸಿಕ್ಕಿತು.

ಬೆಳಿಗ್ಗೆ ಕಾಕಾನನ್ನು ಕೆಲಸದಿಂದ ಇಳಿಸಿ ಕೂಡಿಸಿದರು. ನಾನು ಹೊರಡುವಾಗ ಬೇವಿನ ಮರದ ಕೆಳಗೆ ಕೂತಿದ್ದ, ಬೆರಳಿಗೆ ಬಟ್ಟೆ ಸುತ್ತಿಕೊಂಡು. ಬೈಯಲಿಲ್ಲ.

"ಚೌಕಾಸಿ ಆಗತೈತ್ರಿ. ನಿಮ್ಮನ್ನೂ ಕರಸ್ತಾರ. ಆದದ್ದ ಆದಂಗ ಹೇಳ್ರಿ ಸಾಹೇಬ್ರ, ಅಷ್ಟ ಸಾಕು. ಬಾಗಲಕೋಟಿ ಹುಕುಂ ಒಂದ ತಪ್ಪಬಾರದು ನೋಡ್ರಿ."

"ಹೇಳ್ತೇನಿ ಕಾಕಾ," ಎಂದೆ.

ಚೌಕಾಸಿ ಎಂದರೆ ವಿಚಾರಣೆ. ಅದು ಬಾಗಲಕೋಟೆ ನಿಲ್ದಾಣದ ಒಂದು ಕೋಣೆಯಲ್ಲಿ ಹನ್ನೆರಡು ದಿನಗಳ ಮೇಲೆ ನಡೆಯಿತು. ಆ ಹನ್ನೆರಡು ದಿನ ನಾನು ಆ ಟೇಪನ್ನು ಎಷ್ಟು ಸಲ ಕೇಳಿದೆನೋ. ಸದ್ದು ಅದ್ಭುತವಾಗಿತ್ತು. ಅದರ ಮುಂಚೆ ಎಂಟು ಸೆಕೆಂಡು ಪಂಜಿನ ಉರಿ, ನನ್ನ ಮಾತು, ಅವನ ಪ್ರಶ್ನೆ, ನನ್ನ ಉತ್ತರ, ಚುಂಯ್. ಯಂತ್ರ ಸೆಕೆಂಡಿಗೆ ಏಳೂವರೆ ಇಂಚು ಓಡುತ್ತದೆ. ಎಂಟು ಸೆಕೆಂಡು ಎಂದರೆ ಐದು ಅಡಿ. ವಿಚಾರಣೆಗೆ ಹೋಗುವ ಹಿಂದಿನ ಸಂಜೆ ಸ್ಟುಡಿಯೋದಲ್ಲಿ ಒಬ್ಬನೇ ಕೂತು ಬ್ಲೇಡಿನಿಂದ ಆ ಐದು ಅಡಿ ಕತ್ತರಿಸಿ ತೆಗೆದು, ಎರಡು ತುದಿ ಸೇರಿಸಿ ಅಂಟಿಸಿದೆ. ಜೋಡಣೆ ಕಿವಿಗೆ ತಿಳಿಯುತ್ತಲೇ ಇರಲಿಲ್ಲ. ನಾನು ಕಸುಬಿನಲ್ಲಿ ಚುರುಕು. ಕತ್ತರಿಸಿದ ತುಂಡನ್ನು ಎಸೆಯಲು ಮಾತ್ರ ಆಗಲಿಲ್ಲ, ತಗಡಿನ ಡಬ್ಬಿಯೊಳಗೆ ಸುತ್ತಿಟ್ಟೆ.

ಯಾರೂ ನನಗೆ ಹಾಗೆ ಮಾಡು ಎಂದು ಹೇಳಿಕೊಟ್ಟಿರಲಿಲ್ಲ. ಪರವಾನಗಿಯ ಷರತ್ತು ಮುರಿದದ್ದು ಹೊರಬಿದ್ದರೆ ನೌಕರಿ ಕಾಯಂ ಆಗುವುದಿಲ್ಲ ಎಂದು ನಾನೇ ಲೆಕ್ಕ ಹಾಕಿಕೊಂಡಿದ್ದೆ.

ಕೋಣೆಯಲ್ಲಿ ವಿಚಾರಣೆಯ ಅಧಿಕಾರಿ, ಬರೆದುಕೊಳ್ಳುವ ಗುಮಾಸ್ತ, ಗೋಡೆಗೆ ನಿಂತ ಕಾಕಾ, ಕುರ್ಚಿಯಲ್ಲಿ ನಾನು. ಹಿಲಾಲು ಯಾಕೆ ಆರಿತು ಎಂದು ಅಧಿಕಾರಿ ಕೇಳಿದರು.

"ಆರಿದ್ದಲ್ರಿ, ನಾನ ಆರಿಸಿದ್ನಿ. ಸಾಹೇಬ್ರು ಅದ ಸದ್ದ ಮಾಡತೈತಿ, ಆರಸ್ರಿ ಅಂದ್ರು. ಬ್ಯಾಟರಿ ಹಿಡೀತೇನಿ ಅಂದಿದ್ರು," ಎಂದ ಕಾಕಾ.

ಅಧಿಕಾರಿ ಲೇಖನಿ ಕೆಳಗಿಟ್ಟರು. "ಏನಂದಿ? ಹಿಲಾಲ ಸದ್ದ ಮಾಡತಿತ್ತ?"

"ಹೌದ್ರಿ."

"ಬೆಂಕಿ ಬೆಳಕ ಕೊಡತೈತೋ, ಸದ್ದ ಮಾಡತೈತೋ? ಹಾಡ ಏನರ ಹಾಡತಿತ್ತೇನ ಮತ್ತ?"

ಗುಮಾಸ್ತ ನಕ್ಕ. ಅಧಿಕಾರಿ ನಕ್ಕರು. ನಾನೂ ನಕ್ಕೆ. ಜೋರಾಗಿ ಅಲ್ಲ, ದೊಡ್ಡವರು ನಕ್ಕಾಗ ಸಣ್ಣವರು ನಗುವಷ್ಟು. ಕಾಕಾ ಅವರಿಬ್ಬರನ್ನು ನೋಡಲಿಲ್ಲ, ನನ್ನನ್ನು ನೋಡಿದ.

"ನೀವ ಏನ ಹೇಳ್ತೀರಿ?" ಎಂದು ಅಧಿಕಾರಿ ನನ್ನ ಕಡೆ ತಿರುಗಿದರು.

"ಗಾಳಿ ಭಾಳ ಇತ್ತು ಸರ್. ಗಾಳಿಗೆ ಆರಿರಬೇಕು."

"ನಿಮ್ಮ ಯಂತ್ರದಾಗ ಆ ಹೊತ್ತಿಂದು ಏನರ ಅದ ಏನು?"

"ಇಲ್ಲ ಸರ್. ಇನ್ನೂ ಚಾಲೂ ಮಾಡಿರಲಿಲ್ಲ."

ಗುಮಾಸ್ತ ಬರೆದುಕೊಂಡ. ಕಾಕಾ ಒಂದು ಹೆಜ್ಜೆ ಮುಂದೆ ಬಂದ. "ಸಾಹೇಬ್ರ, ನೆಪ್ಪ ಮಾಡ್ಕೋರಿ," ಎಂದ. ನನಗೆ ನೆನಪು ಹಾರಿರಬಹುದು ಎಂದು ಅವನು ಖರೆ ಖರೆ ತಿಳಿದುಕೊಂಡಿದ್ದ. ಅಧಿಕಾರಿ ಅವನಿಗೆ, "ಏ, ರಾತ್ರಿ ಎಷ್ಟ ಹಾಕಿದ್ದಿ?" ಎಂದು ಕೇಳಿದರು. ಲಿಂಗ ಕಟ್ಟಿಕೊಂಡ ಮನುಷ್ಯ, ಹನಿ ಮುಟ್ಟಿದವನಲ್ಲ.

ಬಾಗಲಕೋಟೆಯ ಹುಕುಂ ರದ್ದಾಯಿತು. ಬಳೆ ಕೊಡುವ ಕೆಲಸದಿಂದ ತೆಗೆದು, ಶಿರೂರಿನಿಂದ ಇನ್ನೂ ದೂರದ ಒಂದು ರೈಲ್ವೆ ಗೇಟು ಕಾಯಲು ಹಾಕಿದರು. ನನ್ನ ನೌಕರಿ ಕಾಯಂ ಆಯಿತು. ನಿಲ್ದಾಣದ ಕಾರ್ಯಕ್ರಮ ಪ್ರಸಾರವಾಗಿ ಮೆಚ್ಚುಗೆಯ ಕಾಗದಗಳು ಬಂದವು. ಬ್ರೇಕಿನ ಸದ್ದನ್ನು ಅದರಲ್ಲಿ ಹಾಕುವಷ್ಟು ಧೈರ್ಯ ನನಗಿರಲಿಲ್ಲ. ಆದರೆ ಸುರುಳಿ ಕೇಂದ್ರದ ಕಪಾಟಿನಲ್ಲಿ ಉಳಿಯಿತು. ಎರಡು ವರ್ಷದ ಮೇಲೆ ಒಂದು ರಾತ್ರಿ ಮನೆಯಲ್ಲಿ ರೇಡಿಯೋ ನಾಟಕ ಕೇಳುತ್ತ ಕೂತಿದ್ದೆ. ನಾಟಕದಲ್ಲಿ ರೈಲು ಅಪಘಾತ. ಒಮ್ಮೆಲೇ ಕಾಕಾ ಒದರಿದ: "ನಿಲ್ಸ್ರೀ! ಬಳಿ ಬಿತ್ತ್ರೀ! ನಿಲ್ಸ್ರೀ!" ನಮ್ಮ ನಾಟಕ ವಿಭಾಗದವರಿಗೆ ಅದು ಬರೀ ಒಳ್ಳೆಯ ಸದ್ದು. ಆಮೇಲಿನ ಎಷ್ಟೋ ನಾಟಕಗಳಲ್ಲಿ ಅವನು ಒದರಿದ. ಕಪಾಟಿನಿಂದ ತೆಗೆಸಿಬಿಡಲು ಹೋದರೆ ಯಾಕೆ ಎಂದು ಕೇಳುತ್ತಾರಲ್ಲ, ಸುಮ್ಮನಿದ್ದೆ.

ಹುನಗುಂದಕ್ಕೆ ಹೋಗುವ ಬಸ್ಸು ಬಾಗಲಕೋಟೆಯಿಂದ ಶಿರೂರು, ಕಮತಗಿ ಹಾದು ಹೋಗುತ್ತದೆ. ಹಬ್ಬಕ್ಕೆ, ಮದುವೆಗೆ, ತಾಯಿಗೆ ಆರಾಮಿಲ್ಲ ಎಂದಾಗ, ಹೀಗೆ ವರ್ಷಕ್ಕೆ ಆರೇಳು ಸಲ ಆ ಊರು ದಾಟುತ್ತಿದ್ದೆ. ಶಿರೂರಿನ ಬಸ್ ನಿಲ್ದಾಣ ಬರುವ ಮೊದಲೇ ಕಣ್ಣು ಮುಚ್ಚಿ ನಿದ್ದೆ ಹೋದವನಂತೆ ಕೂರುತ್ತಿದ್ದೆ. ಒಂಬತ್ತು ವರ್ಷ ಹೀಗೆ ನಿದ್ದೆ ಮಾಡಿದೆ.

ಎಂಬತ್ತರ ದಶಕದ ಕೊನೆಯ ಹೊತ್ತಿಗೆ ಇಳಕಲ್ಲಿಗೆ ಮಗ್ಗದ ಸದ್ದು ಹಿಡಿಯಲು ಹೋದೆ. ಸೀರೆ ನೇಯುವವರ ಮನೆ, ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಕುಣಿಮಗ್ಗ. ನೇಕಾರ ತಡವಾಗಿ ಬಂದ ತನ್ನ ಜೊತೆಗಾರನನ್ನು ಯಾಕೆ ತಡ ಎಂದು ಕೇಳಿದ. ಅವನೇನೋ ನೆಪ ಹೇಳಿದ. ಅದಕ್ಕೆ ನೇಕಾರ, "ಸಾಕ ಬಿಡ ಲೇ, ಸದ್ದಿನ ಹಿಲಾಲ ಹಚ್ಚಬ್ಯಾಡ," ಎಂದ. ಹಾಗೆಂದರೇನು ಎಂದು ಕೇಳಿದೆ.

"ನನ್ನ ಹೇಣ್ತಿ ತವರಮನಿ ಶಿರೂರ್ರಿ. ಅಲ್ಲೊಬ್ಬಾಂವ ರೈಲ್ವೇದಾಗ ಇದ್ದ. ಕುಡದ ಗಾಡಿ ನಿಲ್ಲಿಸಿ, ಹಿಲಾಲ ಸದ್ದ ಮಾಡತಿತ್ತು, ಅದಕ್ಕ ಆರಿಸಿದ್ನಿ ಅಂದಿದ್ನಂತ! ಊರಾಗ ಅವಗ ಸದ್ದಿನ ಹಿಲಾಲ ಅಂತನ ಕರೀತಾರ." ನೇಕಾರ ನಗುತ್ತ ಲಾಳಿ ಎಸೆದ.

ನನ್ನ ಸುಳ್ಳು ಇಳಕಲ್ಲಿನ ಮಗ್ಗದ ಕುಣಿಯ ತನಕ ನಡೆದು ಬಂದಿತ್ತು. ಅಂದು ಮರಳುವ ಬಸ್ಸಿನಲ್ಲಿ ಕಣ್ಣು ಮುಚ್ಚಲಿಲ್ಲ. ಯಂತ್ರ ಹೆಗಲಲ್ಲಿತ್ತು, ತಗಡಿನ ಡಬ್ಬಿ ಚೀಲದಲ್ಲಿತ್ತು. ಶಿರೂರಿನಲ್ಲಿ ಇಳಿದೆ. ಮನೆ ಕೇಳಲು ಅವನ ಹೆಸರು ನನಗೆ ಗೊತ್ತಿರಲಿಲ್ಲ, ಮೂರು ರಾತ್ರಿ ಕಾಕಾ ಎಂದೇ ಕರೆದಿದ್ದೆ. ಕೊನೆಗೆ ಆ ಅಡ್ಡಹೆಸರು ಹೇಳಿಯೇ ಕೇಳಬೇಕಾಯಿತು. ಹೇಳಿದವನು ನಕ್ಕು ಓಣಿ ತೋರಿಸಿದ.

ಕಾಕಾ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದ. ನಿವೃತ್ತಿಯಾಗಿ ವರ್ಷವಾಗಿತ್ತು. ಗುರುತು ಹಿಡಿದ.

"ಬರ್ರಿ ರೇಡಿಯೋ ಸಾಹೇಬ್ರ. ಶರಣ್ರಿ," ಎಂದ. ಹೆಂಡತಿಗೆ ಚಹಾ ಇಡಲು ಹೇಳಿದ. ಅವನ ಕಿರುಬೆರಳು ಹೊರಗೆ ತಿರುಗಿಯೇ ಉಳಿದಿತ್ತು. ನಾನು ಯಂತ್ರವನ್ನು ಹೆಗಲಿಂದ ಇಳಿಸುತ್ತಿರುವಾಗ ಅವನೇ ಹೇಳಿದ: "ನನ್ನ ದನಿ ರೇಡಿಯೋದಾಗ ಬರತಿತ್ರಿ. ಗೇಟಿನ ಗುಡಿಸಲದಾಗ ಕುಂತ ಕೇಳೇನಿ. ಅವತ್ತ ನಿಮ್ಮ ಯಂತ್ರ ಚಾಲೂ ಇತ್ತು ಅಂತ ಆವಾಗ ತಿಳೀತು."

ಏಳು ವರ್ಷದಿಂದ ಅವನಿಗೆ ಗೊತ್ತಿತ್ತು. ನನಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ಡಬ್ಬಿ ತೆಗೆದೆ. ಆ ಐದು ಅಡಿಯ ಹಿಂದೆ ಮುಂದೆ ಸದ್ದಿಲ್ಲದ ಬಿಳಿ ಪಟ್ಟಿ ಅಂಟಿಸಿ ಖಾಲಿ ಸುರುಳಿಗೆ ಸುತ್ತಿದೆ. ಹೆಡ್‌ಫೋನನ್ನು ಅವನ ಕಿವಿಗೆ ಹಾಕಿ ಯಂತ್ರ ಹಚ್ಚಿದೆ.

ಎಂಟು ಸೆಕೆಂಡು ಮುಗಿದವು. ಅವನು ಹೆಡ್‌ಫೋನನ್ನು ಎರಡೂ ಕೈಯಿಂದ ಒತ್ತಿ ಹಿಡಿದು ಹಾಗೆಯೇ ಕೂತಿದ್ದ.

"ಸದ್ದ ಮಾಡತಿತ್ತು," ಎಂದ. "ಖರೇನ ಸದ್ದ ಮಾಡತಿತ್ರಿ. ನಾ ಆಮ್ಯಾಲ ಹಿಲಾಲ ಕಂಡಾಗೊಮ್ಮಿ ಕಿವಿ ಹಚ್ಚಿ ನೋಡೇನ್ರಿ. ಕೇಳತಿರಲಿಲ್ಲ. ನಂಗ ಭ್ರಮಿ ಆಗಿತ್ತೇನೋ, ನಾನ ಸುಳ್ಳ ಹೇಳಿದ್ನೇನೋ ಅಂತ ಬಂದಿತ್ತು."

ಒಳಗೆ ತಿರುಗಿ ಹೆಂಡತಿಯನ್ನು ಕರೆದ. ಹೆಡ್‌ಫೋನ್ ಕಿತ್ತು ಯಂತ್ರದ ಸ್ಪೀಕರಿನಲ್ಲಿಯೇ ಹಚ್ಚಿದೆ. ಆಕೆ ಚಹಾದ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತು ಕೇಳಿದಳು. ಗಂಡನ ದನಿ ಬಂದಾಗ ಅವನ ಮುಖ ನೋಡಿದಳು.

"ಇನ್ನೊಂದ ದನಿ ನಿಮ್ದ?" ಎಂದು ನನ್ನನ್ನು ಕೇಳಿದಳು.

"ಹೌದ್ರಿ."

"ಅವತ್ತಿಂದ ನಿಮ್ಮ ಹಂತ್ಯಾಕ ಇತ್ತು ಇದು?"

"ಇತ್ರಿ."

ಆಕೆ ಗಂಡನಿಗೆ ಹೇಳಿದಳು: "ನಾನೂ ನಂಬಿರಲಿಲ್ಲಲ್ಲೋ ನಿನ್ನ. ಊರ ಮಂದೀ ಹಂಗ ನಾನೂ ಕುಡದಿರಬೇಕು ಅಂದಿದ್ನಿ." ಚಹಾ ಕೆಳಗಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, "ಅವತ್ತ ಸಾಹೇಬ್ರ ಮುಂದ ನೀವೂ ನಕ್ಕಿದ್ರಂತ, ಖರೇ ಏನ್ರಿ?" ಎಂದಳು.

"ಖರೇರಿ," ಎಂದೆ. ಆ ವಿಷಯದಲ್ಲಿ ನಾನು ಬಾಯಿಬಿಟ್ಟು ಹೇಳಿದ ಮೊದಲ ಖರೆ ಅದು.

ರೈಲ್ವೆಗೆ ಎಲ್ಲ ಬರೆದು ಕಳಿಸುತ್ತೇನೆ ಎಂದೆ. "ರಿಟೈರ್ ಆಗಿ ಕುಂತೇನಿ, ಅವ್ರು ಏನ ಮಾಡತಾರ್ರಿ ಈಗ? ಅದನ್ನ ಬಿಡ್ರಿ," ಎಂದ ಕಾಕಾ. ಎದ್ದು ನಿಂತು ಓಣಿಯ ಕಡೆ ಕೂಗಿದ. ಪಕ್ಕದ ಮನೆಯವರು ಬಂದರು, ಎದುರಿನ ಅಂಗಡಿಯವನು ಬಂದ, ನನಗೆ ನಕ್ಕು ದಾರಿ ತೋರಿಸಿದವನೂ ಬಂದ. "ಇಲ್ಲಿ ಕೇಳ್ರಿ, ಹಿಲಾಲ ಹೆಂಗ ಸದ್ದ ಮಾಡತೈತಿ ಕೇಳ್ರಿ. ಸಾಹೇಬ್ರ, ಹಚ್ರಿ," ಎಂದ. ನಾನು ಹಚ್ಚಿದೆ. ಹೊಸಬರು ಬಂದ ಹಾಗೆಲ್ಲ ಹಿಂದೆ ಸುತ್ತಿ ಮತ್ತೆ ಹಚ್ಚಿದೆ. ಮನೆಗಳಲ್ಲಿ ದೀಪ ಹಚ್ಚುವ ಹೊತ್ತಿನ ತನಕ ಹನ್ನೊಂದು ಸಲ ಹಚ್ಚಿದೆ. ಹನ್ನೊಂದು ಸಲವೂ, ಅಷ್ಟು ಮಂದಿಯ ಎದುರು, ನಾನು ಬ್ಯಾಟರಿ ಹಿಡಿಯುತ್ತೇನೆ ಎಂದೆ.